ಏಪ್ರಿಲ್ ಬಿಡಿ, ಮಿರಗಕ್ಕೆ ಶಿಬಿರ ಹೂಡಿ

ಶಾಲೆಗೆ ಬೇಸಿಗೆ ರಜೆ ಬಿದ್ದದ್ದೇ ತಡ, ಹೊಸಪೇಟೆಯ ವಿದ್ಯುತ್ ಕಂಬಗಳಿಗೆಲ್ಲ ಶಿಬಿರದ ಬ್ಯಾನರ್ ಏರುತ್ತವೆ. ಡ್ರಾಯಿಂಗ್, ಡ್ಯಾನ್ಸ್, ಕರಾಟೆ, ಅಬ್ಯಾಕಸ್. ಕೊನೆಯಲ್ಲಿ ‘ಪ್ರಕೃತಿ ಪರಿಚಯ’ ಅಂತ ಒಂದು ಸಾಲು. ಈ ಪ್ರಕೃತಿ ಎಲ್ಲಿ ಪರಿಚಯವಾಗುತ್ತದೆ ಅಂತ ಹುಡುಕಿಕೊಂಡು ಹೋದರೆ ಬಹುತೇಕ ಸಿಗುವುದು ಯಾವುದೋ ಸಭಾಂಗಣ. ಮೇಲೆ ಫ್ಯಾನು, ಕೆಳಗೆ ಜಮಖಾನೆ, ಹಸಿರು ಕಾಗದ ಕತ್ತರಿಸಿ ಎಲೆ ಮಾಡುತ್ತ ಕೂತ ನಾಲ್ಕೈದು ವರ್ಷದ ಮಕ್ಕಳು. ಸಂಘಟಕರನ್ನು ಬೈಯುವಂತಿಲ್ಲ. ಹೊರಗೆ ಬಿಸಿಲು ನಲವತ್ತು ಡಿಗ್ರಿಯ ಆಚೀಚೆ ಇರುತ್ತದೆ. ಹಂಪಿಯ ಬಂಡೆ ಮುಟ್ಟಿದರೆ ಅಂಗೈ ಚುರ್ ಅನ್ನುತ್ತದೆ.

ಬಿಸಿಲಿನ ವಿಷಯದಲ್ಲಿ ಸರ್ಕಾರಕ್ಕೆ ಬುದ್ಧಿ ಇದೆ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆಯ ಜಿಲ್ಲೆಗಳ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಬಾಗಿಲು ಹಾಕುತ್ತವೆ. ಗುಮಾಸ್ತರನ್ನು ಮನೆಗೆ ಕಳಿಸುವ ಬಿಸಿಲಿನಲ್ಲಿ ಕೂಸುಗಳಿಗೆ ಪ್ರಕೃತಿ ತೋರಿಸಲು ಹೊರಡುವುದು ಬೆಂಗಳೂರು, ಮೈಸೂರು ನೋಡಿ ಕಲಿತ ಅಭ್ಯಾಸ. ಅಲ್ಲಿ ಮೇ ತಿಂಗಳೆಂದರೆ ಗುಲ್‌ಮೊಹರ್ ನೆರಳು, ಸಂಜೆಗೊಂದು ಮಳೆ. ಇಲ್ಲಿ ಮೇ ತಿಂಗಳೆಂದರೆ ಬರೀ ಮೇ ತಿಂಗಳು.

ತುಂಗಭದ್ರೆಯ ಈ ದಂಡೆಯಲ್ಲಿ ಎಳೆ ಮಕ್ಕಳನ್ನು ಹೊರಗೆ ಬಿಡುವ ಕಾಲ ಮಿರಗದ ಮಳೆಯಿಂದ ಎಳ್ಳಮಾವಾಸ್ಯೆವರೆಗೆ. ಜೂನ್ ಮೊದಲ ವಾರದಿಂದ ಡಿಸೆಂಬರ್ ಕೊನೆ, ಹೆಚ್ಚೆಂದರೆ ಜನವರಿ. ಇದು ನನ್ನ ಲೆಕ್ಕವಲ್ಲ, ನಮ್ಮ ಅಜ್ಜಿಯರ ಪಂಚಾಂಗದ ಲೆಕ್ಕ. ಮಣ್ಣೆತ್ತಿನ ಅಮಾವಾಸ್ಯೆ, ಗುಳ್ಳವ್ವ, ನಾಗರ ಪಂಚಮಿ, ಶೀಗಿ ಹುಣ್ಣಿಮೆ, ಎಳ್ಳಮಾವಾಸ್ಯೆ: ಇವಿಷ್ಟನ್ನು ಒಂದು ಹಾಳೆಯ ಮೇಲೆ ಸಾಲಾಗಿ ಬರೆದು ನೋಡಿ. ಮಣ್ಣು, ನೀರು, ಮರ, ಪೈರು, ಸುಗ್ಗಿ ಅಂತ ಆರು ತಿಂಗಳ ಪಠ್ಯಕ್ರಮವೇ ಬಿಚ್ಚಿಕೊಳ್ಳುತ್ತದೆ. ಬ್ಯಾನರ್ ಇಲ್ಲ, ಶುಲ್ಕವಿಲ್ಲ. ವಯಸ್ಸಿನ ಮಿತಿಯೂ ಇಲ್ಲ, ಸೊಂಟದ ಮೇಲಿನ ಕೂಸೂ ವಿದ್ಯಾರ್ಥಿಯೇ.

ಚಿತ್ತವಾಡ್ಗಿಯನ್ನೇ ತಗೊಳ್ಳಿ. ಅದು ಹೊಸಪೇಟೆಯ ವಾರ್ಡೂ ಹೌದು, ತನ್ನಷ್ಟಕ್ಕೆ ಒಂದು ಹಳ್ಳಿಯೂ ಹೌದು. ಒಂದು ಕಾಲಕ್ಕೆ ಕಬ್ಬಿನ ಗಾಡಿಗಳು ಸಾಲುಗಟ್ಟುತ್ತಿದ್ದ ಸಕ್ಕರೆ ಕಾರ್ಖಾನೆ ಈಗ ಮುಚ್ಚಿದೆ. ಆದರೂ ಮನೆಗಳ ಸಾಲು ಮುಗಿದಲ್ಲಿ ಗದ್ದೆ, ಬಾಳೆತೋಟ ಇನ್ನೂ ಕಾಣುತ್ತವೆ. ವಿಜಯನಗರದ ಅರಸರು ತೆಗೆಸಿದ ಕಾಲುವೆಗಳ ನೀರು ಇವತ್ತಿಗೂ ಈ ಭಾಗದ ಹೊಲಗಳಿಗೆ ಹರಿಯುತ್ತದೆ. ಪ್ಲೇಸ್ಕೂಲಿನ ಗೋಡೆಗೆ ಬಾಳೆಗಿಡದ ಸ್ಟಿಕ್ಕರ್ ಅಂಟಿಸುವ ಮುಂಚೆ ನಿಜವಾದ ಬಾಳೆ ಎಷ್ಟು ದೂರದಲ್ಲಿದೆ ಅಂತ ಒಮ್ಮೆ ನಡೆದು ನೋಡಬಹುದು.

ಮಿರಗ ಅಂದರೆ ಮೃಗಶಿರಾ ಮಳೆ. ಮೊದಲ ಹದವಾದ ಮಳೆ ಬಿದ್ದ ಮರುದಿನ ಬೆಳಿಗ್ಗೆ ಹೊಲದ ಬದುವಿನಲ್ಲಿ, ಬಯಲಿನ ಕೆಮ್ಮಣ್ಣಿನಲ್ಲಿ ಮಿರಗದ ಹುಳ ಬರುತ್ತದೆ. ಕಡುಗೆಂಪು, ಮಖಮಲ್ಲಿನ ಮೈ, ಕಡಲೆಕಾಳಿಗಿಂತ ಸಣ್ಣದು. ಮುಟ್ಟಿದರೆ ಎಂಟೂ ಕಾಲು ಒಳಗೆಳೆದುಕೊಂಡು ಸತ್ತಂತೆ ಬಿದ್ದುಕೊಳ್ಳುತ್ತದೆ. ಒಂದಿಷ್ಟು ಹೊತ್ತು ಕಾದರೆ ಮತ್ತೆ ಕಾಲು ಚಾಚಿ ಹೊರಡುತ್ತದೆ. ಈ ಕಾಯುವ ಆಟದಲ್ಲಿ ನಾಲ್ಕು ವರ್ಷದ ಮಗು ಎಷ್ಟು ಹೊತ್ತು ಕುಕ್ಕರಗಾಲಲ್ಲಿ ಕೂರುತ್ತದೆ ಅನ್ನುವುದನ್ನು, ‘ನಮ್ಮ ಹುಡುಗ ಒಂದು ಕಡೆ ಕೂರೋದೇ ಇಲ್ಲ’ ಅನ್ನುವ ತಾಯಂದಿರು ನೋಡಬೇಕು. ಈ ಹುಳ ವರ್ಷದ ಬಹುಭಾಗ ಮಣ್ಣೊಳಗೇ ಇರುತ್ತದೆ. ಮೊದಲ ಮಳೆಯ ಹಸಿಗೆ ಮೇಲೆ ಬಂದು ಗೆದ್ದಲು, ಸಣ್ಣಪುಟ್ಟ ಹುಳುಗಳನ್ನು ತಿಂದು ಮತ್ತೆ ಮಣ್ಣಿಗಿಳಿಯುತ್ತದೆ. ಶಾಲೆ ಶುರುವಾಗಿ ಎರಡನೇ ವಾರವೂ ಆಗಿರುವುದಿಲ್ಲ, ಟೀಚರು ದಾಖಲಾತಿ ಪುಸ್ತಕದಲ್ಲಿ ಮುಳುಗಿರುತ್ತಾರೆ. ಹುಳ ಬಂದು ಹೋಗಿರುತ್ತದೆ.

ಆಮೇಲೆ ಮಣ್ಣೆತ್ತಿನ ಅಮಾವಾಸ್ಯೆ. ಜ್ಯೇಷ್ಠದ ಕೊನೆಯ ದಿನ. ಈಗ ಹೊಸಪೇಟೆಯ ಮಾರ್ಕೆಟ್ಟಿನಲ್ಲಿ ಬಣ್ಣ ಬಳಿದ ಎತ್ತಿನ ಜೋಡಿ ರೆಡಿಮೇಡ್ ಸಿಗುತ್ತದೆ, ತಂದು ಜಗಲಿಗೆ ಇಟ್ಟರೆ ಹಬ್ಬ ಮುಗಿಯಿತು. ಮನೆಯಲ್ಲೇ ಮಾಡುವವರೂ ಇದ್ದಾರೆ. ಎರೆಮಣ್ಣು ಕಲಸುವುದೇ ಒಂದು ವಿದ್ಯೆ. ನೀರು ಹೆಚ್ಚಾದರೆ ಎತ್ತಿನ ಕಾಲು ಕುಸಿದು ಹೊಟ್ಟೆ ನೆಲಕ್ಕೆ ತಾಗುತ್ತದೆ, ಕಡಿಮೆಯಾದರೆ ಕೊಂಬು ಬಿರಿಯುತ್ತದೆ. ಮಗು ಮೊದಲು ಮಾಡುವುದು ಉಂಡೆ. ಉಂಡೆಯನ್ನು ಉದ್ದ ಮಾಡುತ್ತದೆ, ನಾಲ್ಕು ಕಡ್ಡಿ ಚುಚ್ಚುತ್ತದೆ, ಅದು ನಿಲ್ಲುವುದಿಲ್ಲ. ಅಜ್ಜಿ ಬಂದು ಕಾಲಿನ ಬುಡ ದಪ್ಪ ಮಾಡಿ ‘ಈಗ ನಿಂದ್ರಸು’ ಅನ್ನುತ್ತಾಳೆ. ಕಣ್ಣಿಗೆ ಜೋಳದ ಕಾಳು. ಹಿಣಿಲು ತಿದ್ದುವಾಗ ಮಗುವಿಗೆ ಮೊದಲ ಸಲ ಅನುಮಾನ ಬರುತ್ತದೆ: ಎತ್ತಿಗೆ ಇಲ್ಲಿ ಗುಬ್ಬು ಯಾಕೆ ಇದೆ? ಓಣಿಯಲ್ಲಿ ಎತ್ತು ಕಟ್ಟಿದ ಮನೆ ಒಂದಾದರೂ ಉಳಿದಿದ್ದರೆ ಎದ್ದು ಹೋಗಿ ನೋಡಿ ಬರುತ್ತದೆ. ಇಲ್ಲದಿದ್ದರೆ ಟ್ರ್ಯಾಕ್ಟರ್ ಮಾಡುತ್ತದೆ. ಮಾಡಲಿ ಬಿಡಿ. ಮಣ್ಣಿನ ಟ್ರ್ಯಾಕ್ಟರಿಗೂ ಮಣ್ಣಿನ ಹದ ಅದೇ.

ಮರುದಿನ ಮಕ್ಕಳು ಕುಂಟೆತ್ತು ಹಿಡಿದು ಮನೆ ಮನೆ ತಿರುಗಿ ಕಾಳುಕಡಿ ಬೇಡಿಕೊಂಡು ಬರುವ ರೂಢಿ ಉತ್ತರ ಕರ್ನಾಟಕದ ಹಲವು ಊರುಗಳಲ್ಲಿದೆ. ಆಷಾಢದ ಮಂಗಳವಾರಗಳಲ್ಲಿ ಹೆಣ್ಣುಮಕ್ಕಳು ಮಣ್ಣಿನ ಗುಳ್ಳವ್ವನನ್ನು ಮಾಡಿ, ಸಂಜೆ ಬುತ್ತಿ ಕಟ್ಟಿಕೊಂಡು ಬಯಲಿಗೆ ಹೋಗಿ ಉಂಡು ಬರುತ್ತಾರೆ. ಪಂಚಮಿಗೆ ಮರಕ್ಕೆ ಜೋಕಾಲಿ ಬೀಳುತ್ತದೆ. ಹಗ್ಗ ಹಾಕಲು ಬೇವಿನ ಯಾವ ಕೊಂಬೆ ತಡೆಯುತ್ತದೆ, ಯಾವುದು ಮುರಿಯುತ್ತದೆ ಅನ್ನುವ ಚರ್ಚೆಯಲ್ಲಿ ಐದು ವರ್ಷದವರ ಅಭಿಪ್ರಾಯಕ್ಕೂ ಬೆಲೆ ಇರುತ್ತಿತ್ತು. ಈ ಹಬ್ಬಗಳಲ್ಲಿ ಪೂಜೆಯ ಭಾಗ ಚಿಕ್ಕದು, ಅಂಗಳದ ಭಾಗ ದೊಡ್ಡದು. ಅದಕ್ಕೇ ಜಾತಿ ಧರ್ಮದ ಲೆಕ್ಕವಿಲ್ಲದೆ ಓಣಿಯ ಎಲ್ಲ ಮಕ್ಕಳನ್ನೂ ಇದರೊಳಗೆ ಕೂಡಿಸಬಹುದು. ಮಣ್ಣಲ್ಲಿ ಎತ್ತು ಮಾಡಲು ಯಾರ ಅಡ್ಡಿಯೂ ಇರಲಿಕ್ಕಿಲ್ಲ.

ಹಾಗಾದರೆ ಸರ್ಕಾರದ ಕಾರ್ಯಕ್ರಮಗಳಿಲ್ಲವೇ? ಇವೆ. ಅರಣ್ಯ ಇಲಾಖೆಯ ‘ಚಿಣ್ಣರ ವನದರ್ಶನ’ ಕಾಡಂಚಿನ ಶಾಲೆಗಳ ಮಕ್ಕಳನ್ನು ಕಾಡಿಗೆ ಕರೆದೊಯ್ಯುತ್ತದೆ. ಒಳ್ಳೆಯ ಕೆಲಸ. ಹೆಸರಲ್ಲಿ ಚಿಣ್ಣರಿದ್ದರೂ ಹೋಗುವವರು ಹಿರಿಯ ಪ್ರಾಥಮಿಕ, ಪ್ರೌಢಶಾಲೆಯವರು. ಕಮಲಾಪುರದ ಬಳಿ ಅಟಲ್ ಬಿಹಾರಿ ವಾಜಪೇಯಿ ಪ್ರಾಣಿಸಂಗ್ರಹಾಲಯ ಇದೆ, ಹುಲಿ, ಸಿಂಹದ ಸಫಾರಿ ಇದೆ. ಪುಟ್ಟ ಮಕ್ಕಳು ಅಲ್ಲಿಗೆ ಹೋಗುತ್ತವೆ, ಬಸ್ಸಿನ ಕಿಟಕಿಯಲ್ಲಿ ಸಿಂಹ ಕಂಡು ಕಿರುಚುತ್ತವೆ, ಐಸ್‌ಕ್ರೀಂ ತಿಂದು ಬರುತ್ತವೆ. ವರ್ಷಕ್ಕೊಮ್ಮೆ ಮಾಡುವ ಇಂಥ ಪ್ರವಾಸವನ್ನು ನಾನು ನಿಸರ್ಗ ಶಿಕ್ಷಣ ಅನ್ನಲಾರೆ. ಮೂರರಿಂದ ಆರರ ವಯಸ್ಸಿಗೆ ಬೇಕಾದ್ದು ಅದೇ ಜಾಗಕ್ಕೆ ಮತ್ತೆ ಮತ್ತೆ ಹೋಗುವುದು. ಅದೇ ಹುಣಸೆಮರ ಜೂನ್‌ನಲ್ಲಿ ಹೇಗಿತ್ತು, ಸೆಪ್ಟೆಂಬರಿನಲ್ಲಿ ಏನಾಯಿತು, ಜನವರಿಗೆ ಕಾಯಿ ಎಷ್ಟು ಬಲಿಯಿತು. ಸಿಂಹ ಆಮೇಲೆ ನೋಡಿದರಾಯಿತು.

ಈ ವಯಸ್ಸಿನವರು ಇರುವುದು ಅಂಗನವಾಡಿಯಲ್ಲಿ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಶುರುವಾದ ಈ ಯೋಜನೆಯ ಮೊದಲ ಪಟ್ಟಿಯಲ್ಲಿ ನಮ್ಮ ಟಿ. ನರಸೀಪುರವೂ ಇತ್ತು. ಈಗ ಕರ್ನಾಟಕದ ಅಂಗನವಾಡಿಗಳಿಗೆ ‘ಚಿಲಿಪಿಲಿ’ ಎಂಬ ಚಟುವಟಿಕೆಯ ಪಠ್ಯವೂ ಇದೆ. ಇಲ್ಲದ್ದು ಅಂಗಳ. ಊರೊಳಗಿನ ಎಷ್ಟೋ ಕೇಂದ್ರಗಳು ಬಾಡಿಗೆ ಕೋಣೆಯಲ್ಲಿವೆ. ಬಾಗಿಲು ತೆರೆದರೆ ಚರಂಡಿ, ಅದರಾಚೆ ರಸ್ತೆ. ಕಾರ್ಯಕರ್ತೆಯೊಬ್ಬಳು ತೂಕ, ಲಸಿಕೆ, ಊಟ, ಮೊಟ್ಟೆ, ಮೊಬೈಲ್ ಆ್ಯಪಿನ ಎಂಟ್ರಿ, ಮೇಲೊಂದು ಸಮೀಕ್ಷೆ ಎಲ್ಲ ಮುಗಿಸಿ ಮಕ್ಕಳನ್ನು ಸಾಲಾಗಿ ಹೊರಗೆ ಕರೆದುಕೊಂಡು ಹೋಗಬೇಕು ಅಂದರೆ ಹೇಳುವವರಿಗೆ ನಾಚಿಕೆಯಾಗಬೇಕು. ಜೊತೆಗೆ ಒಬ್ಬರು ಬೇಕು. ಆ ಒಬ್ಬರು ಮಕ್ಕಳ ಅಜ್ಜ ಅಜ್ಜಿಯರಲ್ಲೇ ಸಿಗುತ್ತಾರೆ. ಕೇಳುವವರಿಲ್ಲ ಅಷ್ಟೇ.

ಅಂಗಳವಿಲ್ಲದ ಶಾಲೆಗೆ ಬಯಲನ್ನೇ ಕೊಟ್ಟವರು ನಮ್ಮ ನೆರೆಯಲ್ಲೇ ಇದ್ದರು. ತಾರಾಬಾಯಿ ಮೋಡಕ್ 1945ರಲ್ಲಿ ಮಹಾರಾಷ್ಟ್ರದ ಬೋರ್ಡಿಯಲ್ಲಿ, ಮುಂದೆ 1957ರಿಂದ ಕೋಸಬಾಡ ಗುಡ್ಡದಲ್ಲಿ, ಶಿಷ್ಯೆ ಅನುತಾಯಿ ವಾಘ್ ಜೊತೆ ಆದಿವಾಸಿ ಮಕ್ಕಳಿಗಾಗಿ ದುಡಿದವರು. ದನ ಕಾಯುವ ಮಕ್ಕಳು ಶಾಲೆಗೆ ಬರಲಾರರು ಅಂತ ಗೊತ್ತಾದಾಗ ಅವರು ಶಾಲೆಯನ್ನೇ ಹುಲ್ಲುಗಾವಲಿಗೆ ಒಯ್ದರು. ದನ ಮೇಯುತ್ತಿರುವಾಗ ಅಲ್ಲೇ ಕಲ್ಲು, ಬೀಜ, ಎಲೆ ಇಟ್ಟು ಎಣಿಕೆ, ಹಾಡು, ಕತೆ. ನಮ್ಮ ಪುತ್ತೂರಿನಲ್ಲಿ ಶಿವರಾಮ ಕಾರಂತರು 1930ರ ದಶಕದಲ್ಲೇ ಮಕ್ಕಳಿಗಾಗಿ ‘ಬಾಲವನ’ ಕಟ್ಟಿದ್ದರು. ಸ್ವೀಡನ್ನಿನಲ್ಲಿ ಗೋಸ್ಟಾ ಫ್ರೋಮ್ ಎಂಬಾತ ಮಕ್ಕಳನ್ನು ಕಾಡಿಗೆ ಸೆಳೆಯಲು ‘ಸ್ಕೂಗ್ಸ್‌ಮುಲ್ಲೆ’ ಎಂಬ ಕಾಡಿನ ಪಾತ್ರವನ್ನು ಹುಟ್ಟುಹಾಕಿದ್ದು 1957ರಲ್ಲಿ, ಅಂದರೆ ತಾರಾಬಾಯಿ ಕೋಸಬಾಡಕ್ಕೆ ಹೋದ ವರ್ಷವೇ. ಸಂಡೂರು, ಕೂಡ್ಲಿಗಿ ಕಡೆ ಕುರಿ ಹಿಂಡಿನ ಜೊತೆ ಅಲೆಯುವ ಕುಟುಂಬಗಳ ಮಕ್ಕಳನ್ನು ನೋಡಿದಾಗಲೆಲ್ಲ ನನಗೆ ಹುಲ್ಲುಗಾವಲಿನ ಶಾಲೆ ನೆನಪಾಗುತ್ತದೆ. ಆ ಮಕ್ಕಳಿಗೆ ಬಯಲು ಕಲಿಸಬೇಕಿಲ್ಲ. ಅವರಿಂದ ನಮ್ಮ ಪ್ಲೇಸ್ಕೂಲು ಕಲಿಯಬೇಕು.

ಜುಲೈ, ಆಗಸ್ಟ್ ಅಂದರೆ ಹೊಸಪೇಟೆಯ ಮಕ್ಕಳಿಗೆ ತುಂಗಭದ್ರಾ ಡ್ಯಾಮು. ಗೇಟು ತೆರೆದ ಸುದ್ದಿ ಬಂದರೆ ಇಡೀ ಊರು ಸ್ಕೂಟರ್ ಹತ್ತುತ್ತದೆ. 2024ರ ಆಗಸ್ಟಿನಲ್ಲಿ 33 ಗೇಟುಗಳ ಪೈಕಿ 19ನೆಯದು ಕೊಚ್ಚಿಹೋದಾಗ ಮನೆಯ ಪುಟ್ಟ ಮಕ್ಕಳ ಬಾಯಲ್ಲೂ ‘ಹತ್ತೊಂಬತ್ತು’ ಇತ್ತು. ನೀರು ಬಿಟ್ಟರೆ ಹಂಪಿಯಲ್ಲಿ ಪುರಂದರದಾಸರ ಮಂಟಪ ಮುಳುಗುತ್ತದೆ, ಹೊಳೆ ಜೋರಾದರೆ ಕಂಪ್ಲಿ ಸೇತುವೆ ಮುಳುಗುತ್ತದೆ. ಮಂಟಪದ ಕಂಬ ಎಷ್ಟು ಕಾಣುತ್ತಿದೆ ಅನ್ನುವುದು ಐದು ವರ್ಷದ ಮಗುವಿಗೂ ಅರ್ಥವಾಗುವ ಅಳತೆಗೋಲು. ದೂರದಿಂದ, ಕೈ ಹಿಡಿದುಕೊಂಡು ತೋರಿಸಬೇಕು, ಆ ಮಾತು ಬೇರೆ.

ಹಂಪಿ ಅಂದಾಕ್ಷಣ ಕಲ್ಲಿನ ರಥದ ಮುಂದೆ ಫೋಟೋ. ಮೂರು ವರ್ಷದ ಮಗುವಿಗೆ ರಥಕ್ಕಿಂತ ಅದರ ಹಿಂದಿನ ಬಂಡೆಯ ಮೇಲಿನ ಓತಿಕ್ಯಾತ ದೊಡ್ಡ ಸಂಗತಿ. ಬೆದೆಗಾಲದಲ್ಲಿ ಗಂಡು ಓತಿಯ ಬೆನ್ನು ಕೆಂಪು ಕಿತ್ತಳೆಗೆ ತಿರುಗುತ್ತದೆ, ಪಕ್ಕೆ ಕಪ್ಪಾಗುತ್ತದೆ. ಎತ್ತರದ ಕಲ್ಲು ಹುಡುಕಿ ಕೂತು, ಮುಂಗಾಲ ಮೇಲೆ ಮೈಯೆತ್ತಿ ಇಳಿಸಿ ಬಸ್ಕಿ ಹೊಡೆಯುತ್ತದೆ. ಹೆಣ್ಣು ಬಂಡೆಯ ಬಣ್ಣದಲ್ಲೇ ಇದ್ದು ಕಣ್ಣಿಗೆ ಬೀಳುವುದಿಲ್ಲ. ಎಲ್ಲ ಮಕ್ಕಳೂ ಬಸ್ಕಿ ಶುರು ಮಾಡುತ್ತವೆ, ಟೀಚರೂ ಮಾಡಬೇಕಾಗುತ್ತದೆ. ಗೈಡುಗಳು ಹೇಳುವ ಇಸವಿಗಳು ಇನ್ನೂ ಹತ್ತು ವರ್ಷ ಕಾಯಬಹುದು.

ಸೆಪ್ಟೆಂಬರ್ ಸಂಡೂರಿನದು. 1934ರಲ್ಲಿ ಬಂದಿದ್ದ ಗಾಂಧೀಜಿ ಸಂಡೂರನ್ನು ಸೆಪ್ಟೆಂಬರಿನಲ್ಲಿ ನೋಡಿ ಅಂದಿದ್ದರೆಂಬ ಮಾತು ಇಲ್ಲಿ ಮನೆಮಾತು. ಅವರು ಅಂದಿರಲಿ ಬಿಡಲಿ, ಸ್ವಾಮಿಮಲೆಯ ಹುಲ್ಲು ಆ ತಿಂಗಳು ಸಾಕ್ಷಿ ಹೇಳುತ್ತದೆ. ಇದೇ ಬೆಟ್ಟಸಾಲಿನ ಬುಡದಲ್ಲಿ ಒಂದು ದಶಕ ಅದಿರಿನ ಲಾರಿಗಳ ಸಾಲು ಹಗಲು ರಾತ್ರಿ ಹರಿದಿತ್ತು. ಸುಪ್ರೀಂ ಕೋರ್ಟು 2011ರ ಜುಲೈನಲ್ಲಿ ಬಳ್ಳಾರಿಯ ಗಣಿಗಳಿಗೆ ತಡೆ ಹಾಕುವ ತನಕ ರಸ್ತೆಬದಿಯ ಗಿಡ, ಸೂರು, ಒಣಹಾಕಿದ ಬಟ್ಟೆ ಎಲ್ಲಕ್ಕೂ ಒಂದೇ ಕೆಂಪು ಬಣ್ಣ. ‘ಹೊರಗ ಹೋಗಬ್ಯಾಡ, ಧೂಳು’ ಅಂತ ಬೆಳೆಸಿದ ಆ ಮಕ್ಕಳು ಈಗ ಅಪ್ಪ ಅಮ್ಮಂದಿರಾಗಿದ್ದಾರೆ. ಗಣಿ ಮತ್ತೆ ನಡೆಯುತ್ತಿದೆ, ಕಾನೂನಿನ ಕಣ್ಣ ಕೆಳಗೆ. ಹೊರಗೆ ಹೋಗಬ್ಯಾಡ ಅನ್ನುವ ರೂಢಿ ಮಾತ್ರ ಕಾರಣ ಬದಲಾಯಿಸಿಕೊಂಡು ಉಳಿದಿದೆ: ಮೊದಲು ಧೂಳು, ಈಗ ಕೆಸರು, ಯೂನಿಫಾರ್ಮು, ಸೋಂಕು.

ಒಳಗೇ ಕೂತರೆ ಆಗುವ ನಷ್ಟ ಕಣ್ಣಿಗೇ ಹೊಡೆಯುತ್ತದೆ, ಮಾತಿಗಲ್ಲ, ನಿಜವಾಗಿ. ಮಕ್ಕಳಲ್ಲಿ ಸಮೀಪದೃಷ್ಟಿ ಮಿತಿಮೀರಿದ್ದ ತೈವಾನಿನಲ್ಲಿ 2010ರಿಂದ ಶಾಲಾ ಮಕ್ಕಳನ್ನು ದಿನಕ್ಕೆ 120 ನಿಮಿಷ ಹೊರಬೆಳಕಿಗೆ ಬಿಡುವ ಕಾರ್ಯಕ್ರಮ ತಂದರು. ವರ್ಷ ವರ್ಷ ಏರುತ್ತಿದ್ದ, ದೃಷ್ಟಿ ಕುಂದಿದ ಮಕ್ಕಳ ಪ್ರಮಾಣ ಆಮೇಲೆ ಇಳಿಮುಖವಾಯಿತು. ಕಿಂಡರ್‌ಗಾರ್ಟನ್‌ಗೇ ಕನ್ನಡಕ ಏರಿಸಿದ ಮಕ್ಕಳು ನಮ್ಮಲ್ಲೂ ಹೆಚ್ಚು ಕಾಣತೊಡಗಿರುವಾಗ, ಪ್ರಕೃತಿ ಪ್ರೇಮದ ಭಾಷಣ ಹಿಡಿಸದ ತಂದೆಗೆ ಈ ಒಂದು ಲೆಕ್ಕವಾದರೂ ಹಿಡಿಸಬೇಕು.

ಭಯದ ಮಾತಿಗೆ ಬರೋಣ. ಅದನ್ನು ನಗೆಯಲ್ಲಿ ತೇಲಿಸುವಂತಿಲ್ಲ. 2018ರ ಡಿಸೆಂಬರಿನಲ್ಲಿ ಕಂಪ್ಲಿ ಭಾಗದ ಸೋಮಲಾಪುರದಲ್ಲಿ ಚಿರತೆ ಪುಟ್ಟ ಮಗುವೊಂದನ್ನು ಕೊಂದಿತ್ತು. ಬಂಡೆಗುಡ್ಡಗಳ ಅಂಚಿನ ಊರುಗಳಲ್ಲಿ ಸಂಜೆ ಮಕ್ಕಳನ್ನು ಒಳಗೆ ಕರೆಯುವ ತಾಯಿಗೆ ಹೊರಾಂಗಣದ ಮಹತ್ವ ಬೋಧಿಸುವ ಅಧಿಕಾರ ಯಾರಿಗೂ ಇಲ್ಲ. ಹಾವಿದೆ, ಚೇಳಿದೆ. ಎಲ್ಲಕ್ಕಿಂತ ಹೆಚ್ಚಿನ ಅಪಾಯ ಕಾಲುವೆ. ದಂಡೆ ಜಾರುತ್ತದೆ, ಹರಿವು ಮೇಲಿಂದ ಶಾಂತವಾಗಿ ಕಾಣುತ್ತದೆ. ಹೀಗಾಗಿ ನಿಯಮಗಳು ಸರಳ ಮತ್ತು ಕಠಿಣವಾಗಿರಬೇಕು: ಹೊತ್ತೇರಿದ ಮೇಲೆ ಹೊರಟು ಮಧ್ಯಾಹ್ನದ ಊಟಕ್ಕೆ ವಾಪಸ್, ಗುಡ್ಡದ ಪೊದೆ ಕಡೆ ಹೋಗುವುದಿಲ್ಲ, ನಾಲ್ಕೈದು ಮಕ್ಕಳಿಗೆ ಒಬ್ಬರು ದೊಡ್ಡವರು, ಕಾಲುವೆ ದಂಡೆ ಪೂರ್ತಿ ನಿಷಿದ್ಧ, ಕಲ್ಲು ಎತ್ತುವ ಕೆಲಸ ದೊಡ್ಡವರದು. ಇಷ್ಟಾದರೆ ಚಿತ್ತವಾಡ್ಗಿಯಂಥ ಕಡೆ ಒಂದು ಹೊಲ, ಒಂದು ಹುಣಸೆಮರ, ಒಂದು ಗುಡಿಯ ಅಂಗಳ ಸಾಕು. ಕಾಡು ಬೇಡವೇ ಬೇಡ.

ಕಾಡಿನ ಪ್ರಾಣಿಗಳನ್ನು ಕತೆಯಲ್ಲಿ ಹುಣಸೆಮರದ ಕೆಳಗೇ ಕರೆಸಬಹುದು. ದರೋಜಿಯ ಕರಡಿಧಾಮ 1994ರಲ್ಲಿ ಘೋಷಣೆಯಾದದ್ದು. ಅಲ್ಲಿನ ಕರಡಿಗೆ ಗೆದ್ದಲು ಅಂದರೆ ಪ್ರಾಣ. ಮೇಲಿನ ಸಾಲಿನಲ್ಲಿ ನಡುವಿನ ಎರಡು ಹಲ್ಲು ಅದಕ್ಕೆ ಇರುವುದಿಲ್ಲ. ಹುತ್ತ ಒಡೆದು, ಮೊದಲು ಉಫ್ ಅಂತ ಧೂಳು ಊದಿ, ಮೂಗಿನ ಹೊಳ್ಳೆ ಮುಚ್ಚಿಕೊಂಡು, ತುಟಿ ಕೊಳವೆ ಮಾಡಿ ಆ ಸಂದಿಯಿಂದ ಗೆದ್ದಲನ್ನು ಸೊರ್ರನೆ ಹೀರುತ್ತದೆ. ಆ ಸದ್ದು ನೂರಾರು ಅಡಿ ದೂರಕ್ಕೆ ಕೇಳುತ್ತದೆ. ಮುಂದಿನ ಹಾಲುಹಲ್ಲು ಬಿದ್ದ ಆರು ವರ್ಷದವರಿಗೆ ಈ ಪಾಠ ಹೇಳಿ ನೋಡಿ, ಸೊರ್ರನೆ ಹೀರಲು ಅವರಷ್ಟು ಅರ್ಹರು ಯಾರೂ ಇಲ್ಲ. ಮಿರಗದ ಹುಳ ತಿಂದದ್ದೂ ಗೆದ್ದಲು, ಕರಡಿ ತಿನ್ನುವುದೂ ಗೆದ್ದಲು ಅಂತ ಮಕ್ಕಳೇ ಜೋಡಿಸಿಕೊಳ್ಳುತ್ತಾರೆ. ತಾಯಿ ಕರಡಿ ಮರಿಗಳನ್ನು ಬೆನ್ನ ಮೇಲೆ ಹೊತ್ತು ನಡೆಯುತ್ತದೆ ಅಂದರೆ ಆ ದಿನ ಕೇಂದ್ರದಲ್ಲಿ ಮತ್ಯಾವ ಆಟವೂ ನಡೆಯುವುದಿಲ್ಲ. ನೀರುನಾಯಿಯ ಕತೆಯೂ ಹೀಗೇ. ತುಂಗಭದ್ರಾ ಅಣೆಕಟ್ಟಿನಿಂದ ಕಂಪ್ಲಿ ಸೇತುವೆವರೆಗಿನ 34 ಕಿಲೋಮೀಟರ್ ಹೊಳೆಯನ್ನು 2015ರಲ್ಲಿ ನೀರುನಾಯಿಗಳ ಸಂರಕ್ಷಿತ ಪ್ರದೇಶವೆಂದು ಘೋಷಿಸಿದರು. ಮನೆಯ ಹಿಂದೆ ಹರಿಯುವ ಹೊಳೆಯಲ್ಲಿ ಕುಟುಂಬ ಸಮೇತ ಮೀನು ಹಿಡಿಯುವ ಪ್ರಾಣಿ ಇದೆ ಅಂತ ಇಲ್ಲಿನ ಎಷ್ಟು ಮಕ್ಕಳಿಗೆ ಗೊತ್ತು? ಪಠ್ಯಪುಸ್ತಕದ ಪೆಂಗ್ವಿನ್ ಎಲ್ಲರಿಗೂ ಗೊತ್ತು.

ಚಳಿ ಶುರುವಾದ ಮೇಲೆ ಬಸ್ಸು ಮಾಡಿಕೊಂಡು ಹೋಗಲೇಬೇಕು ಅನ್ನುವವರಿಗೆ ಅಂಕಸಮುದ್ರ ಇದೆ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಸುಮಾರು 98 ಹೆಕ್ಟೇರಿನ ಕೆರೆ, ನೀರಿನ ನಡುವೆ ಜಾಲಿಮರಗಳು, ಮರದ ತುಂಬ ಗೂಡು. 2024ರ ಜನವರಿಯಲ್ಲಿ ಅಘನಾಶಿನಿ ಅಳಿವೆ, ಮಾಗಡಿ ಕೆರೆಗಳ ಜೊತೆ ಇದಕ್ಕೂ ಅಂತರರಾಷ್ಟ್ರೀಯ ಮಹತ್ವದ ಜೌಗುತಾಣವೆಂಬ ರಾಮ್ಸಾರ್ ಮನ್ನಣೆ ಸಿಕ್ಕಿತು. ಬಣ್ಣದ ಕೊಕ್ಕರೆಯ ಮರಿ ಕಿರುಚುವ ಸದ್ದಿಗೆ ಪುಟ್ಟ ಮಕ್ಕಳು ಮೊದಲು ಕಿವಿ ಮುಚ್ಚುತ್ತಾರೆ, ಆಮೇಲೆ ಅನುಕರಿಸುತ್ತಾರೆ. ಬೈನಾಕ್ಯುಲರ್ ಕೊಡಬೇಡಿ. ಆ ವಯಸ್ಸಿಗೆ ಅದು ಕಣ್ಣಿಗಿಂತ ಭಾರ, ಜಗಳಕ್ಕೂ ಕಾರಣ.

ಎಳ್ಳಮಾವಾಸ್ಯೆಗೆ ಹಿಂಗಾರಿ ಜೋಳ ಎದೆಯೆತ್ತರ ಇರುತ್ತದೆ, ಅಂದರೆ ದೊಡ್ಡವರ ಎದೆ. ಮಕ್ಕಳು ಅದರೊಳಗೆ ಹೊಕ್ಕರೆ ಕಾಣುವುದಿಲ್ಲ, ಗರಿ ಅಲುಗುವುದು ಮಾತ್ರ ಕಾಣುತ್ತದೆ. ಹೊಲಕ್ಕೆ ಬುತ್ತಿ ಹೋಗುತ್ತದೆ: ಸಜ್ಜೆ ರೊಟ್ಟಿ, ಕಡುಬು, ಪುಂಡಿಪಲ್ಲೆ, ಎಳ್ಳು ಹೋಳಿಗೆ, ಶೇಂಗಾ ಹೋಳಿಗೆ. ಹೊಲದ ಸುತ್ತ ಚರಗ ಚೆಲ್ಲಿದ ಮೇಲೆ ಭೂಮಿಗಾಯಿತು, ಇರುವೆ, ಹಕ್ಕಿಗಾಯಿತು, ಈಗ ನಮ್ಮದು ಅಂತ ಊಟ. ಸ್ವಂತ ಹೊಲ ಇಲ್ಲದವರು ಏನು ಮಾಡಬೇಕು ಅಂತ ಬಡಾವಣೆಯ ಮಂದಿ ಕೇಳಬಹುದು. ಈ ಭಾಗದಲ್ಲಿ ಆ ದಿನ ಹೊಲ ಇದ್ದವರು ಇಲ್ಲದವರನ್ನು ಕರೆಯುವ ಪದ್ಧತಿ ಇನ್ನೂ ಸತ್ತಿಲ್ಲ. ಚಿತ್ತವಾಡ್ಗಿಯ ಒಂದು ಅಂಗನವಾಡಿ, ಒಬ್ಬ ರೈತನನ್ನು ಅಕ್ಟೋಬರಿನಲ್ಲೇ ಮಾತಾಡಿಸಿ ಇಟ್ಟರೆ ಸಾಕು. ಮಕ್ಕಳು ಇಪ್ಪತ್ತು, ದೊಡ್ಡವರು ಐದು, ಕುಡಿಯುವ ನೀರಿನ ಒಂದು ಕ್ಯಾನು, ಕೂರಲು ಹಳೇ ಕೌದಿ. ಹೋಳಿಗೆ ತಾಯಂದಿರು ಮಾಡಿ ಕೊಡುತ್ತಾರೆ. ಅನುಮತಿ ಪತ್ರಕ್ಕೆ ಮೇಲ್ವಿಚಾರಕಿಯ ಸಹಿ ಬೇಕಾಗುತ್ತದೆ, ಅದನ್ನು ನವೆಂಬರಿನಲ್ಲೇ ಕೇಳಿಡುವುದು ಒಳ್ಳೆಯದು.